ಅಪ್ಪ ಸುಟ್ಟ ಮುಖ, ದೊಡ್ಡಪ್ಪ ಕೊಟ್ಟ ಟೀ!

ಹೀರೋ ಅತ್ತರೆ ಪಿಕ್ಚರ್ ಓಡುತ್ತಾ? ಯಾವ ನಿರ್ಮಾಪಕರನ್ನು ಬೇಕಾದರೂ ಕೇಳಿ ನೋಡಿ. ತಾಯಿ ಸತ್ತಾಗ ಎರಡು ಹನಿ, ತಂಗಿಯನ್ನು ಗಂಡನ ಮನೆಗೆ ಕಳಿಸುವಾಗ ಒಂದು ಹನಿ, ಅಷ್ಟಕ್ಕೆ ಮಾತ್ರ ಪರ್ಮಿಷನ್! ಮುಂದಿನ ರೀಲಿನಲ್ಲಿ ಕಣ್ಣು ಕೆಂಪಾಗಬೇಕು, ಮುಷ್ಟಿ ಬಿಗಿಯಾಗಬೇಕು. 1973ರ ‘ಜಂಜೀರ್’ ನೋಡಿದವರಿಗೆ ಗೊತ್ತು. ದೀಪಾವಳಿ ರಾತ್ರಿ ಅಪ್ಪ ಅಮ್ಮನ ಕೊಲೆಯನ್ನು ಕಣ್ಣಾರೆ ಕಂಡ ಹುಡುಗ, ದೊಡ್ಡವನಾದ ಮೇಲೂ ಕನಸಿನಲ್ಲಿ ಬಿಳಿ ಕುದುರೆ ಕಂಡು ಬೆಚ್ಚಿ ಏಳುತ್ತಾನೆ. ಅಮಿತಾಬ್ ಆ ಬೆಚ್ಚುವಿಕೆಯನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ! ಆದರೆ ಅದಕ್ಕೆ ಮದ್ದು? ಕೊಲೆಗಾರನ ಲೆಕ್ಕ ಚುಕ್ತಾ ಆಯಿತು, ಕಥೆ ಮುಗಿಯಿತು. ಆಮೇಲಾದರೂ ಅವನಿಗೆ ನಿದ್ದೆ ಬಂತೋ ಇಲ್ಲವೋ, ಯಾರೂ ಕೇಳಲಿಲ್ಲ.

ಕೇಳಿದ್ದು ಒಂದು ಕಾರ್ಟೂನು!

ನಗಬೇಡಿ ಗೆಳೆಯರೇ. ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಅಂತ ಅದರ ಹೆಸರು. (ನೀಲಿ ಮೈಯವರ ಆ ‘ಅವತಾರ್’ ಬೇರೆ, ಅದು ಬಂದಿದ್ದು 2009ರಲ್ಲಿ.) ಅಮೆರಿಕದ ನಿಕೆಲೋಡಿಯನ್ ಅನ್ನೋ ಮಕ್ಕಳ ಟಿ.ವಿ. ಚಾನೆಲ್ಲಿನಲ್ಲಿ 2005ರ ಫೆಬ್ರವರಿಯಿಂದ 2008ರ ಜುಲೈವರೆಗೆ ಬಂತು. ಒಟ್ಟು 61 ಕಂತು. ನೀರು, ಮಣ್ಣು, ಬೆಂಕಿ ಅಂತ ಮೂರು ಭಾಗ. ಕಥೆ ಹುಟ್ಟಿಸಿದವರು ಮೈಕೆಲ್ ಡಾಂಟೆ ಡಿಮಾರ್ಟಿನೋ, ಬ್ರಯಾನ್ ಕೊನಿಯೆಟ್ಸ್‌ಕೋ ಎಂಬ ಇಬ್ಬರು. ಚಿತ್ರಗಳಿಗೆ ಜೀವ ಕೊಟ್ಟದ್ದು ದಕ್ಷಿಣ ಕೊರಿಯಾದ ಸ್ಟುಡಿಯೋಗಳು. ನಾಲ್ಕು ನಾಡು, ನಾಲ್ಕು ಭೂತ: ನೀರು, ಮಣ್ಣು, ಬೆಂಕಿ, ಗಾಳಿ. ಬೆಂಕಿ ನಾಡಿನವರು ನೂರು ವರ್ಷದಿಂದ ಉಳಿದವರ ಮೇಲೆ ಯುದ್ಧ ಹೂಡಿದ್ದಾರೆ. ನಾಲ್ಕನ್ನೂ ಪಳಗಿಸಬಲ್ಲ ಒಬ್ಬನೇ ಒಬ್ಬ ‘ಅವತಾರ’, ಹನ್ನೆರಡು ವರ್ಷದ ಬೋಳುತಲೆಯ ಪೋರ ಆಂಗ್, ಇದನ್ನು ನಿಲ್ಲಿಸಬೇಕು. ಹಾರುವ ಪ್ರಾಣಿ, ಫೈಟಿಂಗ್, ಕಾಮಿಡಿ, ಎಲ್ಲಾ ಉಂಟು. ಮಕ್ಕಳು ಅದಕ್ಕೇ ನೋಡಿದರು. ನಾನು ಮೂರು ಸಲ ನೋಡಿದ್ದು ಬೇರೆ ಕಾರಣಕ್ಕೆ. ಈ ಕಥೆಯ ಒಬ್ಬೊಬ್ಬ ಹುಡುಗನೂ ಒಳಗೆ ಎಲ್ಲೋ ಸುಟ್ಟುಕೊಂಡವನು. ಆ ಗಾಯವನ್ನು ಕಥೆ ಪೆಟ್ರೋಲ್ ಥರ ಉರಿಸಿ ಮುಗಿಸೋದಿಲ್ಲ.

ಅಪ್ಪನೇ ವಿಲನ್!

ಹೀರೋ ಆಂಗ್ ಇರಬಹುದು. ಆದರೆ ಮನಸ್ಸು ಕದಿಯೋನು ಬೆಂಕಿ ನಾಡಿನ ರಾಜಕುಮಾರ ಝೂಕೋ. ಎಡಗಣ್ಣಿನ ಸುತ್ತ ದೊಡ್ಡ ಸುಟ್ಟ ಕಲೆ, ಸದಾ ಸಿಡುಕು, ಯಾರಿಗೂ ಮರ್ಯಾದೆ ಇಲ್ಲ. ಅವತಾರನನ್ನು ಹಿಡಿಯಬೇಕು ಅನ್ನೋ ಒಂದೇ ಹುಚ್ಚು. ಹನ್ನೊಂದು ಕಂತಿನವರೆಗೆ ನಾವು ಅವನನ್ನು ಕಳ್ಳನಾಯಕ ಅಂತಲೇ ನೋಡುತ್ತೇವೆ. ಹನ್ನೆರಡನೇ ಕಂತಿನಲ್ಲಿ ಆ ಕಲೆಯ ಕಥೆ ಹೊರಗೆ ಬರುತ್ತೆ.

ಝೂಕೋಗೆ ಆಗ ಹದಿಮೂರು. ಕಾಡಿ ಬೇಡಿ ಯುದ್ಧದ ಸಭೆಗೆ ಹೋಗಿದ್ದಾನೆ. ಒಬ್ಬ ಸೇನಾಪತಿ, ಹೊಸದಾಗಿ ಸೇರಿದ ಹುಡುಗರ 41ನೇ ತುಕಡಿಯನ್ನು ಶತ್ರುವಿನ ಎದುರು ಬಲಿ ಕೊಡೋಣ, ಆ ಸಂದಿನಲ್ಲಿ ನಾವು ನುಗ್ಗೋಣ ಅಂತಾನೆ. ಹುಡುಗನಿಗೆ ತಡೆಯಲಾಗಲಿಲ್ಲ. ನಮ್ಮವರನ್ನೇ ಹೇಗೆ ಸಾಯಿಸ್ತೀರಿ ಅಂದುಬಿಟ್ಟ. ಅಷ್ಟೇ ತಪ್ಪು! ಶಿಕ್ಷೆ, ಬೆಂಕಿಯ ದ್ವಂದ್ವಯುದ್ಧ. ಅದಕ್ಕೆ ಅವರಿಟ್ಟ ಹೆಸರು ‘ಅಗ್ನಿ ಕಾಯ್’. ಮೊದಲ ಪದ ನಮ್ಮದೇ, ನೋಡಿ. ಮುದಿ ಸೇನಾಪತಿ ತಾನೇ, ಹೊಡೆದು ಹಾಕ್ತೀನಿ ಅಂತ ಹುಡುಗ ಮೈದಾನಕ್ಕೆ ಇಳಿದ. ಎದುರಾಳಿ ತಿರುಗಿದ. ಸಿಂಹಾಸನದ ಮೇಲೆ ಕೂರುವ ಒಜಾಯ್, ಅವನ ಸ್ವಂತ ಅಪ್ಪ! ಸಭೆ ಅಪ್ಪನದು, ಹಾಗಾಗಿ ಅವಮಾನವೂ ಅಪ್ಪನಿಗೇ ಅಂತ ಲೆಕ್ಕ. ಮಗ ಮೊಣಕಾಲೂರಿದ, ಅತ್ತ, ಕ್ಷಮಿಸಿ ಅಂದ, ಕೈ ಎತ್ತೋದಿಲ್ಲ ಅಂದ. ಅಪ್ಪ ಆ ಮುಖವನ್ನೇ ಸುಟ್ಟ. ಮೇಲಿಂದ ಗಡಿಪಾರು: ನೂರು ವರ್ಷದಿಂದ ಕಾಣೆಯಾದ ಅವತಾರನನ್ನು ಹಿಡಿದು ತಂದರೆ ಮಾತ್ರ ಮನೆಗೆ ಬಾ.

ಇಲ್ಲೊಂದು ಸ್ವಾರಸ್ಯ ಹೇಳಲೇಬೇಕು. ಈ ಕ್ರೂರ ಅಪ್ಪನಿಗೆ ಕಂಠದಾನ ಮಾಡಿದವರು ಮಾರ್ಕ್ ಹ್ಯಾಮಿಲ್. 1980ರಲ್ಲಿ ‘ಸ್ಟಾರ್ ವಾರ್ಸ್’ ಸರಣಿಯ ಎರಡನೇ ಚಿತ್ರದಲ್ಲಿ ಅಪ್ಪ ಡಾರ್ತ್ ವೇಡರ್‌ನಿಂದ ಕೈ ಕತ್ತರಿಸಿಕೊಂಡ ಮಗ ಯಾರು? ಇದೇ ಹ್ಯಾಮಿಲ್! ಕಾಲ ಚಕ್ರ ಅಂದ್ರೆ ಇದೇ ಇರಬೇಕು. ಝೂಕೋಗೆ ದನಿ ಕೊಟ್ಟದ್ದು ಸ್ಪೀಲ್‌ಬರ್ಗ್ ಅವರ ‘ಹುಕ್’ (1991) ಚಿತ್ರದ ಪುಂಡ ಹುಡುಗ ರುಫಿಯೋ, ಅಂದರೆ ಡಾಂಟೆ ಬಾಸ್ಕೋ. ಆ ಒಡಕಲು ದನಿಯಲ್ಲಿ ಕೋಪ ಯಾವುದು, ಅಳು ಯಾವುದು ಅಂತ ಗೊತ್ತಾಗೋದೇ ಇಲ್ಲ.

ಈ ಫ್ಲ್ಯಾಶ್‌ಬ್ಯಾಕನ್ನು ಝೂಕೋ ತಾನೇ ಹೇಳಿಕೊಳ್ಳೋದಿಲ್ಲ ಅನ್ನೋದನ್ನೂ ಗಮನಿಸಿ. ಬಿರುಗಾಳಿಯ ಹೊತ್ತು, ಹಡಗಿನ ಕೆಳಗೆ, ಅವನ ಸಿಡುಕಿಗೆ ರೋಸಿಹೋದ ನಾವಿಕರಿಗೆ ದೊಡ್ಡಪ್ಪ ಐರೋ ಹೇಳುತ್ತಾನೆ. ಸುಟ್ಟ ಆ ಗಳಿಗೆಯನ್ನು ನನಗೆ ನೋಡೋಕೆ ಆಗಲಿಲ್ಲ, ಮುಖ ತಿರುಗಿಸಿದೆ ಅಂತಾನೆ. ಕೇಳಿದ ನಾವಿಕರಿಗೂ ನಮಗೂ ಝೂಕೋ ಬೇರೆಯಾಗಿ ಕಾಣತೊಡಗುತ್ತಾನೆ. ಹುಡುಗನಿಗೆ ಮಾತ್ರ ಇದೇನೂ ಗೊತ್ತಿಲ್ಲ. ಅಪ್ಪ ಮಾಡಿದ್ದು ಸರಿ, ತಪ್ಪು ತನ್ನದೇ ಅಂತ ಇನ್ನೂ ನಂಬಿದ್ದಾನೆ! ಏಟು ತಿಂದ ಹುಡುಗರ ಈ ನಂಬಿಕೆಯನ್ನು ಇಷ್ಟು ಸರಿಯಾಗಿ ಹಿಡಿದ ಸಿನಿಮಾ ನಾನು ನೋಡಿಲ್ಲ.

ಟೀ ಅಂಗಡಿಯ ಸೇನಾಪತಿ

ಈಗ ಐರೋ. ಡೊಳ್ಳು ಹೊಟ್ಟೆ, ಬಿಳಿ ಗಡ್ಡ, ಮೂರು ಹೊತ್ತೂ ಟೀ ಧ್ಯಾನ. ಮೊದಮೊದಲು ಬರೀ ಕಾಮಿಡಿ ಪಾತ್ರ ಅನ್ನಿಸುತ್ತೆ. ಆದರೆ ಇವನು ಒಂದು ಕಾಲದಲ್ಲಿ ಬಾ ಸಿಂಗ್ ಸೇ ಎಂಬ ಮಹಾನಗರಕ್ಕೆ 600 ದಿನ ಮುತ್ತಿಗೆ ಹಾಕಿದ ಸೇನಾಪತಿ. ಊರನ್ನು ಸುಟ್ಟು ಹಾಕದೆ ಉಳಿಸಿದರೆ ನಿಮಗೂ ತೋರಿಸ್ತೀನಿ ಅಂತ ಮನೆಗೆ ತಮಾಷೆಯಾಗಿ ಕಾಗದ ಬರೆದವನು. ಸಂತನೇನಲ್ಲ! ಅದೇ ಮುತ್ತಿಗೆಯಲ್ಲಿ ಒಬ್ಬನೇ ಮಗ ಲೂ ಟೆನ್ ಸತ್ತ. ಐರೋ ಸೈನ್ಯ ಹಿಂತೆಗೆದ, ಸಿಂಹಾಸನವೂ ತಮ್ಮನ ಪಾಲಾಯಿತು.

ಎರಡನೇ ಭಾಗದಲ್ಲಿ ದೊಡ್ಡಪ್ಪ, ಮಗ ಇಬ್ಬರೂ ನಿರಾಶ್ರಿತರ ವೇಷದಲ್ಲಿ ಬಂದು ಸೇರೋದು ಅದೇ ಬಾ ಸಿಂಗ್ ಸೇ ಊರಿಗೆ. ಗೆಲ್ಲಲು ಹೋದ ಊರಲ್ಲಿ ಟೀ ಕಾಯಿಸಿ ಹೊಟ್ಟೆ ಹೊರೆಯುತ್ತಾನೆ! 15ನೇ ಕಂತಿನಲ್ಲಿ ಅವನದೊಂದು ಪುಟ್ಟ ಕಥೆ ಇದೆ, ನಾಲ್ಕೈದು ನಿಮಿಷ ಇರಬಹುದು. ಪೇಟೆಯಲ್ಲಿ ಬುಟ್ಟಿ ಕೊಳ್ಳುತ್ತಾನೆ. ಅಳುವ ಮಗುವಿಗೆ ಹಾಡಿ ನಗಿಸುತ್ತಾನೆ. ಚಾಕು ತೋರಿಸಿ ಸುಲಿಯಲು ಬಂದವನಿಗೆ, ನೀನು ನಿಲ್ಲೋ ರೀತಿ ಸರಿ ಇಲ್ಲ ಕಣಯ್ಯ ಅಂತ ತಿದ್ದಿ, ಕೂರಿಸಿ ಟೀ ಕೊಡುತ್ತಾನೆ. ನಾವು ನಗುತ್ತಾ ಇರುತ್ತೇವೆ. ಸಂಜೆ ಗುಡ್ಡ ಹತ್ತಿ, ಒಂದು ಮರದಡಿ ಬುಟ್ಟಿ ಬಿಚ್ಚಿ, ಮಗನ ಪಟ ಇಟ್ಟು ಊದುಕಡ್ಡಿ ಹಚ್ಚುತ್ತಾನೆ. ಅವತ್ತು ಮಗನ ಹುಟ್ಟುಹಬ್ಬ. ಬೆಳಿಗ್ಗೆ ಮಗುವಿಗೆ ಹಾಡಿದ ಅದೇ ಹಾಡನ್ನು ಮತ್ತೆ ಎತ್ತಿಕೊಳ್ಳುತ್ತಾನೆ, ನಡುವೆ ದನಿ ಒಡೆಯುತ್ತದೆ.

ಒಬ್ಬ ಮುದುಕ, ಒಬ್ಬ ಯೋಧ, ಮುಖ ಮುಚ್ಚಿಕೊಳ್ಳದೆ ಅಳುತ್ತಾನೆ. ಹಿನ್ನೆಲೆಯಲ್ಲಿ ಡಂ ಡಂ ಇಲ್ಲ, ಸೇಡಿನ ಶಪಥ ಇಲ್ಲ. ಎಂಥ ಗಟ್ಟಿ ಹುಡುಗನಾದರೂ ಇಲ್ಲಿ ಗಂಟಲು ಕಟ್ಟದೇ ಇರದು. ಐರೋಗೆ ದನಿ ಕೊಟ್ಟ ಮಾಕೋ ಸಾಮಾನ್ಯ ನಟರಲ್ಲ. ಜಪಾನಿನಲ್ಲಿ ಹುಟ್ಟಿದವರು, ‘ದಿ ಸ್ಯಾಂಡ್ ಪೆಬಲ್ಸ್’ (1966) ಚಿತ್ರಕ್ಕೆ ಆಸ್ಕರ್ ನಾಮಕರಣ ಪಡೆದವರು. 2006ರ ಜುಲೈನಲ್ಲಿ ತೀರಿಕೊಂಡರು. ಈ ಕಂತು ಬಂದದ್ದು ಅದೇ ಸೆಪ್ಟೆಂಬರಿನಲ್ಲಿ. ಈ ದೃಶ್ಯವನ್ನು ಅವರಿಗೇ ಅರ್ಪಿಸಿದ್ದಾರೆ. ಮೂರನೇ ಭಾಗದಲ್ಲಿ ಗ್ರೆಗ್ ಬಾಲ್ಡ್‌ವಿನ್ ದನಿ ಕೊಟ್ಟರು.

ತನ್ನ ಗಾಯ ಇಷ್ಟು ಬಲ್ಲವನಾದ್ದರಿಂದಲೇ ಅವನಿಗೆ ಝೂಕೋ ಜೊತೆ ಏಗೋಕೆ ಆಗಿದ್ದು. ಬುದ್ಧಿವಾದ ಕಡಿಮೆ, ಜೊತೆಗಿರೋದು ಜಾಸ್ತಿ. ಹುಡುಗ ಕಿರುಚಿದರೆ ಟೀ ಕುಡೀತೀಯಾ ಅಂತಾನೆ, ಅಷ್ಟೇ.

ಮತ್ತೆ ಬಿದ್ದ!

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆಂಗ್‌ನ ಕಳೆದುಹೋದ ಕಾಡುಕೋಣವನ್ನು ಝೂಕೋ ಬಿಡುಗಡೆ ಮಾಡುತ್ತಾನೆ. (ಆರು ಕಾಲಿನ ಆ ಹಾರುವ ಕೋಣದ ಹೆಸರು ‘ಅಪ್ಪಾ’! ಇಡೀ ಕಥೆಯಲ್ಲಿ ಕೈಬಿಡದೆ ಹೊತ್ತು ತಿರುಗುವ ಅಪ್ಪ ಅಂದ್ರೆ ಇವನೇ ಅಂತ ನಾವು ಕನ್ನಡದವರು ಮಾತ್ರ ನಗಬಹುದು.) ಜೀವನದಲ್ಲಿ ಮೊದಲ ಸಲ ತನ್ನ ಲಾಭ ನೋಡದೆ ಒಳ್ಳೆಯದು ಮಾಡಿದ. ಆಮೇಲೆ? ಧಡ್ ಅಂತ ಬಿದ್ದು ಜ್ವರ! ಕನವರಿಕೆ, ಕೆಟ್ಟ ಕನಸು. ಒಳ್ಳೆಯವನಾಗೋದು ಕೂಡಾ ಮೈಯನ್ನು ನಡುಗಿಸುತ್ತೆ ಅಂತ ತೋರಿಸಿದ್ದಾರೆ. ಜ್ವರ ಬಿಟ್ಟು ನಗುತ್ತಾ ಎದ್ದ, ಹೊಸ ಮನುಷ್ಯನಾದ ಅಂದುಕೊಳ್ಳುತ್ತೇವೆ.

ಸ್ವಲ್ಪ ದಿನಕ್ಕೇ ಅವನೂ ಕಟಾರಾಳೂ ಒಂದೇ ಗುಹೆಯಲ್ಲಿ ಸೆರೆ. ಕಟಾರಾ, ಆಂಗ್ ಜೊತೆಗಾರ್ತಿ, ನೀರಿನಿಂದ ಗಾಯ ಮಾಯಿಸಬಲ್ಲ ಹುಡುಗಿ. ಅವಳ ಬಳಿ ಒಂದೇ ಒಂದು ಸಣ್ಣ ಕುಪ್ಪಿಯಷ್ಟು ದಿವ್ಯಜಲ. ನಿನ್ನ ಕಲೆ ಹೋಗಲಾಡಿಸಲು ನೋಡಲೇ ಅಂತ ಕೇಳಿ, ಅವನ ಕೆನ್ನೆ ಮುಟ್ಟುತ್ತಾಳೆ. ಆ ಕ್ಷಣಕ್ಕೆ ಗೋಡೆ ಒಡೆದು ಉಳಿದವರು ಬರುತ್ತಾರೆ. ಸ್ವಲ್ಪ ಹೊತ್ತಿಗೆ ತಂಗಿ ಅಜುಲಾ ಬಂದು, ಬಾ, ಅಪ್ಪ ಮತ್ತೆ ನಿನ್ನನ್ನು ಒಪ್ಪಿಕೊಳ್ತಾರೆ ಅಂತಾಳೆ. ಝೂಕೋ ಹೋಗಿಬಿಡುತ್ತಾನೆ! ದೊಡ್ಡಪ್ಪ ಸೆರೆಯಾಗುತ್ತಾನೆ, ಆಂಗ್ ಸಿಡಿಲು ಬಡಿದು ಸಾಯುವ ಹಂತಕ್ಕೆ ಹೋಗುತ್ತಾನೆ, ದಿವ್ಯಜಲ ಅವನ ಜೀವ ಉಳಿಸಲು ಖರ್ಚಾಗುತ್ತದೆ. ಕಲೆ ಕಲೆಯಾಗೇ ಉಳಿಯಿತು.

ಅವತ್ತು ನನಗೆ ಎಷ್ಟು ಸಿಟ್ಟು ಬಂತು! ಆದರೆ ಯೋಚನೆ ಮಾಡಿದರೆ, ಹದಿನಾರು ವರ್ಷದ ಹುಡುಗ ಮೂರು ವರ್ಷದಿಂದ ಹಗಲೂ ರಾತ್ರಿ ಕಾದಿದ್ದ ಮಾತು ಅದು. ಅಪ್ಪನ ಒಂದು ‘ಭೇಷ್’ಗೆ ಏನು ಬೇಕಾದರೂ ಮಾರಿಕೊಳ್ಳುವ ವಯಸ್ಸು.

ಅರಮನೆಗೆ ಬಂದ, ‘ಭೇಷ್’ ಸಿಕ್ಕಿತು. ನೆಮ್ಮದಿ ಸಿಕ್ಕಲಿಲ್ಲ. ಸಮುದ್ರ ತೀರದಲ್ಲಿ ಬೆಂಕಿ ಸುತ್ತ ಕೂತು ಗೆಳೆಯರು, ನಿನಗೆ ಯಾರ ಮೇಲೆ ಕೋಪ ಅಂತ ಕೆದಕುತ್ತಾರೆ. ಅಪ್ಪನ ಮೇಲಾ? ದೊಡ್ಡಪ್ಪನ ಮೇಲಾ? ನನ್ನ ಮೇಲೇ ಅಂತ ಕಿರುಚುತ್ತಾನೆ. ಕೊನೆಗೆ ಸೂರ್ಯಗ್ರಹಣದ ದಿನ ಅಪ್ಪನ ಎದುರು ನಿಂತು, ಹದಿಮೂರರ ಮಗನನ್ನು ಸುಟ್ಟದ್ದು ಕ್ರೌರ್ಯ, ಅದು ತಪ್ಪು ಅಂತ ಬಾಯಿಬಿಟ್ಟು ಹೇಳುತ್ತಾನೆ. ಹೊಡೆದಾಟ ಇಲ್ಲ. ಬರೀ ಮಾತು. ಅಪ್ಪ ಸಿಡಿಲು ಎಸೆದಾಗ, ದೊಡ್ಡಪ್ಪ ಕಲಿಸಿದ್ದಂತೆ ಅದನ್ನು ಅಪ್ಪನ ಕಡೆಗೇ ತಿರುಗಿಸಿ ಹೊರಟುಬಿಡುತ್ತಾನೆ. ನನ್ನ ಮಟ್ಟಿಗೆ ಕ್ಲೈಮ್ಯಾಕ್ಸ್ ಇದೇ.

ಆಮೇಲಿನ ತಮಾಷೆ ಕೇಳಿ. ಆಂಗ್‌ಗೆ ಬೆಂಕಿ ವಿದ್ಯೆ ಕಲಿಸೋಕೆ ಹೋದರೆ, ಝೂಕೋ ಕೈಯಿಂದ ಪುಸ್ ಅಂತ ಹೊಗೆ! ಯಾಕೆ? ಅಷ್ಟು ದಿನ ಕೋಪವೇ ಉರುವಲು. ಈಗ ಕೋಪ ಇಳಿದಿದೆ. ‘ಆಂಗ್ರಿ ಯಂಗ್ ಮ್ಯಾನ್’ನಿಂದ ಆಂಗ್ರಿ ಕಳೆದರೆ ಉಳಿಯೋದೇನು? ಉತ್ತರಕ್ಕಾಗಿ ಇಬ್ಬರೂ ಹಳೇ ಪಾಳು ನಗರಿಗೆ ಹೋಗಿ, ಎರಡು ಡ್ರ್ಯಾಗನ್‌ಗಳ ಎದುರು ಕುಣಿದು, ಬೆಂಕಿಯಲ್ಲಿ ಸುಡೋ ಗುಣ ಮಾತ್ರ ಅಲ್ಲ, ಜೀವ ಕಾಪಾಡೋ ಬಿಸಿಯೂ ಇದೆ ಅಂತ ಕಲಿತು ಬರಬೇಕಾಯಿತು.

ಉಳಿದ ಹುಡುಗರು

ಆಂಗ್ ಗಾಯ ಬೇರೆ. ನೀನೇ ಅವತಾರ ಅಂದಾಗ ಹೆದರಿ ಓಡಿಹೋದವನು ನೂರು ವರ್ಷ ಮಂಜುಗಡ್ಡೆಯೊಳಗೆ ನಿದ್ರಿಸಿದ. ಎದ್ದು ನೋಡಿದರೆ ಅವನ ಗಾಳಿ ನಾಡಿನಲ್ಲಿ ಒಬ್ಬರೂ ಉಳಿದಿಲ್ಲ. ಸಾಕಿದ ಗುರು ಗ್ಯಾತ್ಸೋ ಅಸ್ಥಿಪಂಜರ ಆಗಿದ್ದಾನೆ. ನಾನಿದ್ದಿದ್ದರೆ ಉಳಿಯುತ್ತಿದ್ದರು ಅನ್ನೋ ಅಪರಾಧ ಭಾವ. ಇದಕ್ಕೆ ಮದ್ದು ಹೇಳುವವನು ಪಥಿಕ್ ಅನ್ನೋ ಮುದುಕ ಗುರು, ಈರುಳ್ಳಿ ಬಾಳೆಹಣ್ಣಿನ ಜ್ಯೂಸ್ ಕುಡಿಯೋ ಆಸಾಮಿ! ಅವನು ತೆರೆಸೋದು ಏಳು ಚಕ್ರಗಳನ್ನು. ನಮ್ಮ ಯೋಗದ ಅದೇ ಮೂಲಾಧಾರದಿಂದ ಸಹಸ್ರಾರದವರೆಗಿನ ಮೆಟ್ಟಿಲು. ಒಂದಕ್ಕೆ ಭಯ ಅಡ್ಡಿ, ಒಂದಕ್ಕೆ ಅಪರಾಧ ಭಾವ, ಒಂದಕ್ಕೆ ನಾಚಿಕೆ, ಹೃದಯದ್ದಕ್ಕೆ ದುಃಖ. ಒಂದೊಂದನ್ನೂ ಹೆಸರಿಟ್ಟು ಕರೆದು ಎದುರಿಸಬೇಕು.

ಕಟಾರಾಳ ಅಣ್ಣ ಸೊಕಾ. ಹೆಸರು ಕೇಳಿದರೆ ಸೊಕ್ಕಿನವನು ಅನ್ನಿಸುತ್ತೆ, ಸ್ವಲ್ಪ ನಿಜವೂ ಹೌದು. ತಾಯಿಯನ್ನು ಶತ್ರುಗಳು ಕೊಂದರು, ಅಪ್ಪ ಯುದ್ಧಕ್ಕೆ ಹೋದ, ಹಳ್ಳಿ ಕಾಯೋ ಗಂಡಸು ಇವನೊಬ್ಬನೇ. ಎಲ್ಲವನ್ನೂ ಜೋಕಿನಡಿ ಮುಚ್ಚಿಡುತ್ತಾನೆ. ಒಮ್ಮೆ ಮಾತ್ರ, ಅಮ್ಮನ ಮುಖ ನೆನೆಸಿಕೊಂಡರೆ ತಂಗಿ ಮುಖವೇ ಬರುತ್ತೆ ಅಂತ ಮೆಲ್ಲಗೆ ಹೇಳಿಕೊಳ್ಳುತ್ತಾನೆ. ಇನ್ನೊಮ್ಮೆ ಬಲೂನಿನಲ್ಲಿ ಝೂಕೋ ಜೊತೆ ಹೋಗುತ್ತಾ, ನನ್ನ ಮೊದಲ ಹುಡುಗಿ ಚಂದ್ರ ಆಗಿಬಿಟ್ಟಳು ಅಂತಾನೆ. (ನಿಜವಾಗಿಯೂ ಆಗಿರುತ್ತಾಳೆ!) ಝೂಕೋಗೆ ಏನು ಹೇಳಬೇಕೋ ತೋಚದೆ, ಕಷ್ಟ ಕಣೋ ಅನ್ನೋ ಅರ್ಥದ ಒಂದು ಮಾತು ಆಡಿ ಸುಮ್ಮನಾಗುತ್ತಾನೆ. ಹುಡುಗರಿಬ್ಬರು ದುಃಖ ಹಂಚಿಕೊಳ್ಳೋದು ಹೀಗೇ ಅಲ್ಲವೇ? ಸೊಕಾಗೆ ಇನ್ನಷ್ಟು ಜಾಗ ಕೊಡಬೇಕಿತ್ತು ಅನ್ನೋದು ನನ್ನ ದೂರು.

ಸೇಡಿನ ದಾರಿ ಹಿಡಿದವನೂ ಒಬ್ಬನಿದ್ದಾನೆ, ಜೆಟ್. ಎಂಟು ವರ್ಷಕ್ಕೇ ಅನಾಥ, ಬಾಯಲ್ಲಿ ಹುಲ್ಲುಕಡ್ಡಿ, ಪಕ್ಕಾ ಹೀರೋ ಸ್ಟೈಲು. ಬೆಂಕಿಯವರನ್ನು ಮುಗಿಸಲು ಅಣೆಕಟ್ಟು ಒಡೆದು, ಮಕ್ಕಳು ಮುದುಕರಿದ್ದ ಊರನ್ನೇ ಮುಳುಗಿಸಲು ಹೊರಡುತ್ತಾನೆ. ಆಮೇಲೆ ಬದಲಾಗಬೇಕು ಅಂತ ಬಂದವನು, ಐರೋ ತಣ್ಣಗಾದ ಟೀಯನ್ನು ಕೈಯಲ್ಲೇ ಬಿಸಿ ಮಾಡಿದ್ದನ್ನು ಕಂಡು ಮತ್ತೆ ಕೆರಳಿದ. ಅವನ ಪಕ್ಕ ಯಾವ ದೊಡ್ಡಪ್ಪನೂ ಇರಲಿಲ್ಲ. ಸತ್ತನೋ ಇಲ್ಲವೋ ಅಂತಲೂ ಸ್ಪಷ್ಟವಾಗಿ ತೋರಿಸದೆ ಜಾರಿಕೊಂಡರು. ಮುಂದಿನ ಒಂದು ಕಂತಿನಲ್ಲಿ ಅದನ್ನು ತಾವೇ ಗೇಲಿ ಮಾಡಿಕೊಂಡಿದ್ದಾರೆ!

2010ರಲ್ಲಿ ಇದನ್ನು ಸಿನಿಮಾ ಮಾಡಿದವರು ನಮ್ಮ ಮಾಹೆಯಲ್ಲಿ ಹುಟ್ಟಿದ ಮನೋಜ್ ನೈಟ್ ಶ್ಯಾಮಲನ್. ಝೂಕೋ ಆಗಿ ‘ಸ್ಲಂಡಾಗ್’ ಖ್ಯಾತಿಯ ದೇವ್ ಪಟೇಲ್. ಮೊದಲ ಭಾಗದ 20 ಕಂತನ್ನು ಒಂದೇ ಚಿತ್ರಕ್ಕೆ ತುರುಕಿದರು. ಗಾಯ ಇತ್ತು, ಅದು ಮಾಯಲು ಬೇಕಾದ ಹೊತ್ತು ಇರಲಿಲ್ಲ. ‘ಅತಿ ಕೆಟ್ಟ ಚಿತ್ರ’ದ ರಾಝಿ ಪ್ರಶಸ್ತಿ ಬಂತು. 2024ರಲ್ಲಿ ನೆಟ್‌ಫ್ಲಿಕ್ಸ್ ನಟರನ್ನಿಟ್ಟು ತೆಗೆದ ಸರಣಿ ವಾಸಿ. ಝೂಕೋ ಹಡಗಿನ ನಾವಿಕರೇ, ಅವನು ಬಾಯಿಬಿಟ್ಟದ್ದರಿಂದ ಬದುಕುಳಿದ ಆ 41ನೇ ತುಕಡಿಯವರು ಅಂತ ಹೊಸದಾಗಿ ಸೇರಿಸಿದ್ದಾರೆ. ಅದು ಭಲೇ ಐಡಿಯಾ.

ಆದರೂ ಹಳೆಯದರ ಒಂದು ದೃಶ್ಯಕ್ಕೆ ಯಾವುದೂ ಸಾಟಿಯಿಲ್ಲ. ಕೊನೆಯ ಯುದ್ಧದ ಹಿಂದಿನ ರಾತ್ರಿ, ಸೆರೆಯಿಂದ ತಪ್ಪಿಸಿಕೊಂಡ ದೊಡ್ಡಪ್ಪನ ಡೇರೆಯೊಳಕ್ಕೆ ಝೂಕೋ ಹೋಗುತ್ತಾನೆ. ಮುದುಕ ಗೊರಕೆ ಹೊಡೆಯುತ್ತಿದ್ದಾನೆ. ಎಬ್ಬಿಸದೆ ಬೆಳಗಿನವರೆಗೆ ಕೂತಿರುತ್ತಾನೆ. ಐರೋ ಎದ್ದಾಗ ಬೆನ್ನು ಆ ಕಡೆ. ಝೂಕೋ ಕಣ್ಣೀರಿಡುತ್ತಾ ತಪ್ಪೊಪ್ಪಿಗೆ ಶುರು ಮಾಡುತ್ತಾನೆ, ಮುಗಿಸೋಕೆ ಬಿಡದೆ ಐರೋ ಗಬಕ್ಕನೆ ಎಳೆದು ತಬ್ಬಿಕೊಳ್ಳುತ್ತಾನೆ. ನನ್ನ ಮೇಲೆ ಕೋಪ ಇಲ್ವಾ ಅಂದರೆ, ಕೋಪ ಯಾವತ್ತೂ ಇರಲಿಲ್ಲ, ನೀನು ದಾರಿ ತಪ್ಪಿದೆಯಲ್ಲಾ ಅಂತ ದುಃಖ ಇತ್ತು ಅಂತಾನೆ.

ಯುದ್ಧ ಮುಗಿದು ಝೂಕೋ ರಾಜನಾದ. ಸೆರೆಯಲ್ಲಿದ್ದ ಅಪ್ಪನ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿದ: ಅಮ್ಮ ಎಲ್ಲಿ? ಉತ್ತರ ನಮಗೆ ಕೇಳಿಸೋದಿಲ್ಲ. ಕೊನೆಯ ದೃಶ್ಯ ಬಾ ಸಿಂಗ್ ಸೇ ಊರಿನ ಟೀ ಅಂಗಡಿ. ಐರೋ ವಾದ್ಯ ಹಿಡಿದು ಕೂತಿದ್ದಾನೆ, ಗೆಳೆಯರೆಲ್ಲಾ ಹರಟುತ್ತಿದ್ದಾರೆ. ಬೆಂಕಿ ನಾಡಿನ ರಾಜ, ಮುಖದ ಮೇಲೆ ಅದೇ ಕಲೆ, ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಟೀ ಕೊಡುತ್ತಾ ಓಡಾಡುತ್ತಿದ್ದಾನೆ.