ತಿರುಗಿ ಬಂದ ಲಕೋಟೆ

ಬೆಂಗಳೂರಿನ ಗಂಗಾನಗರದಲ್ಲಿ ನೆಲೆಸಿ ಕಥೆ ಬರೆಯತೊಡಗಿದ ಕಾಲದಲ್ಲಿ, ಪ್ರತಿಯೊಂದು ಹಸ್ತಪ್ರತಿಯ ಜೊತೆಗೆ ನನ್ನದೇ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಇನ್ನೊಂದು ಲಕೋಟೆಯನ್ನು ಮಡಿಚಿಟ್ಟುಕೊಂಡು, ಪಕ್ಕದ ಆರ್.ಟಿ. ನಗರದ ಅಂಚೆಕಚೇರಿಗೆ ನಡೆದುಹೋಗುವುದು ನನ್ನ ವಾಡಿಕೆಯಾಗಿತ್ತು. ಕೆಲವು ವಾರಗಳ ತರುವಾಯ ಅಂಚೆಯವನ ಕೈಯಲ್ಲಿ ಆ ಲಕೋಟೆ ಕಂಡೊಡನೆ, ಮೇಲಿನ ಅಕ್ಷರ ನನ್ನದೇ ಆಗಿದ್ದುದರಿಂದ, ಒಡೆಯುವ ಮೊದಲೇ ಒಳಗಿನ ವಾರ್ತೆ ತಿಳಿದುಬಿಡುತ್ತಿತ್ತು. ಬಳಸಿಕೊಳ್ಳಲಾಗದುದಕ್ಕೆ ವಿಷಾದವಿದೆಯೆಂಬ ಅಚ್ಚಾದ ಚೀಟಿಯಲ್ಲಿ ಕಾರಣ ಮಾತ್ರ ಇರುತ್ತಿರಲಿಲ್ಲ. ಈಗ ಲಕೋಟೆಯ ಸ್ಥಾನಕ್ಕೆ ಇಮೇಲ್ ಬಂದಿದೆ. ಅನೇಕ ವೇಳೆ ಆ ಚೀಟಿಯೂ ಇಲ್ಲದೆ ಮೌನವೇ ಉತ್ತರವಾಗುತ್ತದೆ.

ಕನ್ನಡದಲ್ಲಿ ಲೇಖಕನಿಗೂ ಪ್ರಕಾಶಕನಿಗೂ ನಡುವೆ ಮಧ್ಯವರ್ತಿಯೆಂಬವನು ಎಂದೂ ಬೇರೂರಲಿಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿದರು. ಶಿವರಾಮ ಕಾರಂತರು ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಹೊಸಬನ ಪಾಲಿಗೆ ಹಿರಿಯರ ಮುನ್ನುಡಿಯೇ ಪರಿಚಯಪತ್ರವಾಗಿತ್ತು. ಆದರೆ ಇಂಗ್ಲಿಷಿನಲ್ಲಿ ಬರೆಯುವ, ಅಥವಾ ಕನ್ನಡ ಕೃತಿಯ ಅನುವಾದವನ್ನು ಹೊರನಾಡಿಗೆ ಒಯ್ಯಬಯಸುವ ನಮ್ಮ ತರುಣರಿಗೆ ಈಗ ಎದುರಾಗುವವನು ಲಿಟರರಿ ಏಜೆಂಟ್. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನ ಎ.ಪಿ. ವಾಟ್ ಎಂಬವರಿಂದ ವೃತ್ತಿಯಾಗಿ ರೂಪುಗೊಂಡ ಈ ಕಾರ್ಯದ ಕ್ರಮ ಸರಳವಾದುದು: ಲೇಖಕನು ಒಂದು ಪುಟದ ಪತ್ರ, ಕಥಾಸಾರ ಮತ್ತು ಆರಂಭದ ಕೆಲವು ಅಧ್ಯಾಯಗಳನ್ನು ಕಳುಹಿಸುತ್ತಾನೆ, ಏಜೆಂಟನಿಗೆ ಮೆಚ್ಚುಗೆಯಾದರೆ ಪೂರ್ಣಪ್ರತಿಯನ್ನು ತರಿಸಿ ಓದಿ, ತಕ್ಕ ಪ್ರಕಾಶಕನನ್ನು ಹುಡುಕಿ, ಕರಾರನ್ನು ಪರಿಶೀಲಿಸಿ, ಲೇಖಕನಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇಕಡಾ 15ರಷ್ಟನ್ನು ತಾನು ಪಡೆಯುತ್ತಾನೆ. ಪುಸ್ತಕ ಮಾರಾಟವಾಗುವ ಮೊದಲೇ ಓದುವುದಕ್ಕೆಂದು ಹಣ ಕೇಳುವವನಿಂದ ದೂರವಿರಬೇಕೆಂದು ನಾನು ಪ್ರತಿಯೊಬ್ಬ ತರುಣ ಲೇಖಕನಿಗೂ ಕೈಮುಗಿದು ಹೇಳುತ್ತೇನೆ.

ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದಾಗ, ಆ ಕೃತಿಯ ಹಿಂದೆ ದೆಹಲಿಯ ಏಜೆಂಟ್ ಕನಿಷ್ಕ ಗುಪ್ತ ಅವರ ಶ್ರಮವೂ ಇತ್ತೆಂಬುದನ್ನು ಗಮನಿಸಿದವರು ವಿರಳ. 1990ರಿಂದ 2023ರವರೆಗೆ ಬರೆದ ಆ ಹನ್ನೆರಡು ಕಥೆಗಳು ಕನ್ನಡದಲ್ಲಿ ಆಗಲೇ ಬೆಳಕು ಕಂಡಿದ್ದವು. ಕಾಯುತ್ತಿದ್ದುದು ಅವುಗಳನ್ನು ಎತ್ತಿಕೊಂಡು ಇನ್ನೊಂದು ಬಾಗಿಲಿಗೆ ಒಯ್ಯುವ ಕೈಗಳಿಗಾಗಿ.

ಆ ಕೈಗಳ ಬೆಲೆಯನ್ನು ಆರ್.ಕೆ. ನಾರಾಯಣರ ವೃತ್ತಾಂತದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದನ್ನು ನಾನರಿಯೆ. 1930ರಲ್ಲಿ, ಇದೇ ಬೆಂಗಳೂರಿನಲ್ಲಿ, ಅಜ್ಜಿ ಆರಿಸಿಕೊಟ್ಟ ಶುಭದಿನದಂದು ಮಾಲ್ಗುಡಿಯೆಂಬ ಇಲ್ಲದ ಊರಿನ ರೈಲುನಿಲ್ದಾಣವನ್ನು ಕಲ್ಪಿಸಿಕೊಂಡು ಅವರು ಬರೆಯತೊಡಗಿದ ‘ಸ್ವಾಮಿ ಅಂಡ್ ಫ್ರೆಂಡ್ಸ್’, ಲಂಡನ್ನಿನ ಪ್ರಕಾಶಕರನ್ನು ಒಬ್ಬೊಬ್ಬರನ್ನಾಗಿ ಕಂಡು ಬಂದು, ಮರಳಿ ಮರಳಿ ಅವರು ನೆಲೆಸಿದ್ದ ಮೈಸೂರನ್ನೇ ಸೇರುತ್ತಿತ್ತು. ಕೊನೆಗೆ ಮನಸ್ಸು ಮುರಿದ ಲೇಖಕರು, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ, ಆಗ ಹಸ್ತಪ್ರತಿ ಕೈಸೇರಿದ್ದ ಗೆಳೆಯ ಕಿಟ್ಟು ಪೂರ್ಣರಿಗೆ, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡುವಂತೆ ತಿಳಿಸಿದರು. ಪೂರ್ಣರು ಗೆಳೆಯನ ಮಾತನ್ನು ಮೀರಿ, ಅದನ್ನು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನರ ಕೈಗಿತ್ತರು. ಗ್ರೀನರ ಶಿಫಾರಸಿನಿಂದ 1935ರಲ್ಲಿ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ಪ್ರಕಟಿಸಿತು. ಕಷ್ಟ ಅಲ್ಲಿಗೆ ತೀರಲಿಲ್ಲ. ಪುಸ್ತಕ ಮಾರಾಟವಾಗಲಿಲ್ಲವಾಗಿ ಎರಡನೆಯ ಕಾದಂಬರಿಗೆ ಬೇರೆ ಪ್ರಕಾಶಕರನ್ನು ಅರಸಬೇಕಾಯಿತು: 1937ರಲ್ಲಿ ನೆಲ್ಸನ್, 1938ರಲ್ಲಿ ಮೂರನೆಯದಕ್ಕೆ ಮ್ಯಾಕ್‌ಮಿಲನ್. ಹೀಗೆ ಮೂರು ಕೃತಿಗಳಿಗೆ ಮೂರು ಮನೆಗಳು. ಇಷ್ಟೆಲ್ಲ ನೆರವಾದ ಗ್ರೀನರನ್ನು ನಾರಾಯಣರು ಮೊದಲ ಸಲ ಕಣ್ಣಾರೆ ಕಂಡುದು 1956ರಲ್ಲಿ.

ನಮ್ಮ ನೆರೆಯ ಆರ್.ಟಿ. ನಗರಕ್ಕೆ ಹೆಸರಾಗಿರುವ ರವೀಂದ್ರನಾಥ ಠಾಕೂರರಿಗೂ 1912ರಲ್ಲಿ ಲಂಡನ್ನಿನಲ್ಲಿ ಅಂಥವರೇ ಒಬ್ಬ ಮಿತ್ರರು ದೊರಕಿದ್ದರು. ಸುರಂಗರೈಲಿನಲ್ಲಿ ಕಳೆದು ಪುನಃ ಸಿಕ್ಕಿದ ‘ಗೀತಾಂಜಲಿ’ಯ ಹಸ್ತಪ್ರತಿಯನ್ನು ಓದಿ, ಯೇಟ್ಸ್ ಕವಿಗೆ ಮುಟ್ಟಿಸಿದವರು ಚಿತ್ರಕಾರ ರೋಥೆನ್‌ಸ್ಟೈನ್.

ನಿರಾಕರಣೆಯ ನೋವು ಸುಳ್ಳೆಂದು ನಾನು ಹೇಳಲಾರೆ. ತಿರುಗಿ ಬಂದ ಕಥೆಯೊಂದನ್ನು ತಿಂಗಳುಗಟ್ಟಲೆ ಮುಟ್ಟದೆ ಇಟ್ಟಿದ್ದುಂಟು. ಕ್ರಮೇಣ ಒಂದು ಅಭ್ಯಾಸ ನೆಲೆಗೊಂಡಿತು: ಇಬ್ಬರು ಓದುಗರು ಒಂದೇ ಎಡೆಯಲ್ಲಿ ಎಡವಿದರೆ ಆ ಎಡೆಯನ್ನು ತಿದ್ದುತ್ತೇನೆ, ಕಾರಣ ಹೇಳದೆ ಮರಳಿಸಿದರೆ ಒಂದಕ್ಷರವನ್ನೂ ಬದಲಿಸದೆ ಅದೇ ವಾರ ಬೇರೆಡೆಗೆ ಕಳುಹಿಸುತ್ತೇನೆ. ಏಕೆಂದರೆ ಆ ತಿಂಗಳ ಸಂಚಿಕೆ ತುಂಬಿಹೋಗಿದ್ದಿರಬಹುದು, ಅಂಥದೇ ವಸ್ತುವಿನ ಕಥೆ ಆಗಲೇ ಅಚ್ಚಿಗೆ ಹೋಗಿದ್ದಿರಬಹುದು, ಇಲ್ಲವೆ ಅದು ಆ ಸಂಪಾದಕರ ಅಭಿರುಚಿಗೆ ಒಗ್ಗದಿರಬಹುದು.

ಹಿಂದಿನ ಬೀದಿಯ ತರುಣಿಯೊಬ್ಬಳು ಮೂರು ಕಡೆಯಿಂದ ಮರಳಿ ಬಂದ ತನ್ನ ಕಾದಂಬರಿಯನ್ನು ಕಳೆದ ವಾರ ನನ್ನ ಬಳಿ ಬಿಟ್ಟುಹೋಗಿದ್ದಾಳೆ. ಇನ್ನು ಬರೆಯುವುದಿಲ್ಲವೆಂದೂ ಹೇಳಿಹೋದಳು. ಎರಡನೆಯ ಅಧ್ಯಾಯ ದುರ್ಬಲವಾಗಿದೆ. ಆದರೆ ತಾತನು ಬಾವಿ ಮುಚ್ಚಿಸುವ ಪ್ರಸಂಗವನ್ನು ಓದಿದ ರಾತ್ರಿ ನನಗೆ ಬೇಗನೆ ನಿದ್ರೆ ಬರಲಿಲ್ಲ. ಅದನ್ನು ಯಾರ ಮೇಜಿನ ಮೇಲಿಡಬೇಕೆಂದು ಈಗ ಯೋಚಿಸುತ್ತಿದ್ದೇನೆ.