ಹಾರ್ಲೆಮ್‌ನ ದರ್ಜಿ ಅಂಗಡಿಯಿಂದ ಹಬ್ಬಿದ ಬ್ರ್ಯಾಂಡ್ ಮೋಹ

ಡ್ಯಾಪರ್ ಡ್ಯಾನ್ ಎಂದೇ ಹೆಸರಾದ ಡೇನಿಯಲ್ ಡೇ 1982ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, 125ನೇ ಬೀದಿಯಲ್ಲಿ ಬಟ್ಟೆ ಅಂಗಡಿ ತೆರೆದರು. ಗುಚ್ಚಿ, ಲೂಯಿ ವಿಟಾನ್, ಫೆಂಡಿಯಂಥ ಯುರೋಪಿನ ಕಂಪನಿಗಳ ಕಣ್ಣಿಗೆ ಅಲ್ಲಿನ ಕಪ್ಪುವರ್ಣೀಯ ಯುವಜನರು ಆಗ ಗಿರಾಕಿಗಳಾಗಿ ಕಂಡೇ ಇರಲಿಲ್ಲ. ಡೇ ಆ ಕಂಪನಿಗಳ ಲಾಂಛನಗಳನ್ನು ಅನುಮತಿಯಿಲ್ಲದೆ ಚರ್ಮದ ಮೇಲೆ ಅಚ್ಚು ಹಾಕಿ ಜಾಕೆಟ್, ಕೋಟು, ಕಾರಿನ ಸೀಟಿನ ಹೊದಿಕೆಯನ್ನೂ ಸಿದ್ಧಪಡಿಸಿದರು. ಅಂಗಡಿ ಹಗಲೂ ರಾತ್ರಿಯೂ ತೆರೆದಿರುತ್ತಿತ್ತು. ರ‍್ಯಾಪ್ ಗಾಯಕರು, ಬಾಕ್ಸರ್‌ಗಳು, ಜೂಜುಕೋರರು, ಮಾದಕವಸ್ತು ಮಾರುವವರು ಎಲ್ಲರೂ ಅಲ್ಲಿಗೆ ಬರುತ್ತಿದ್ದರು.

ಬ್ಯಾಂಕ್ ಸಾಲ, ಒಳ್ಳೆಯ ಬಡಾವಣೆಯ ಮನೆ ಸುಲಭಕ್ಕೆ ದಕ್ಕದ ಯುವಕರಿಗೆ ಮೈಮೇಲಿನ ಉಡುಪೇ ಗೆಲುವಿನ ಪುರಾವೆಯಾಯಿತು. ಇದನ್ನು ಬರಿಯ ಶೋಕಿ ಎಂದು ತಳ್ಳಿಹಾಕುವುದು ಅನ್ಯಾಯ. ಎರಿಕ್ ಬಿ ಮತ್ತು ರಾಕಿಮ್ ಎಂಬ ರ‍್ಯಾಪ್ ಜೋಡಿ 1987ರ ತಮ್ಮ ಆಲ್ಬಂನ ಹೊದಿಕೆಯಲ್ಲಿ ಡೇ ಹೊಲಿಸಿದ ಜಾಕೆಟ್ ತೊಟ್ಟಿತು. ಇಂಥ ಚಿತ್ರಗಳ ಮೂಲಕ ಆ ಶೈಲಿ ಊರೂರಿಗೆ ಹಬ್ಬಿತು. ಆ ಆಲ್ಬಂಗೆ ಒಂದು ವರ್ಷ ಮೊದಲೇ ರನ್-ಡಿಎಂಸಿ ಎಂಬ ರ‍್ಯಾಪ್ ತಂಡ ಅಡಿಡಾಸ್ ಶೂಗಳ ಮೇಲೆ ಹಾಡು ಕಟ್ಟಿ, ಆ ಕಂಪನಿಯಿಂದಲೇ ಒಪ್ಪಂದ ಪಡೆದಿತ್ತು.

ಫೆಂಡಿಯ ಕಾನೂನು ಕ್ರಮದ ನಂತರ 1992ರಲ್ಲಿ ಡೇ ಅವರ ಅಂಗಡಿ ಮುಚ್ಚಿತು. 2017ರಲ್ಲಿ ಗುಚ್ಚಿ ಕಂಪನಿ ಡೇ ಅವರ ಹಳೆಯ ಜಾಕೆಟನ್ನೇ ಹೋಲುವ ಉಡುಪನ್ನು ಪ್ರದರ್ಶಿಸಿದಾಗ ಜನ ಕೆರಳಿದರು. ಕೊನೆಗೆ ಕಂಪನಿ ಅವರನ್ನು ಪಾಲುದಾರರನ್ನಾಗಿ ಮಾಡಿಕೊಂಡಿತು. 2018ರಲ್ಲಿ ಹಾರ್ಲೆಮ್‌ನಲ್ಲೇ ಅವರ ಹೊಸ ಹೊಲಿಗೆ ಕೇಂದ್ರ ಆರಂಭವಾಯಿತು.