ಬ್ರೌಸರಿನ ಬದಲಾವಣೆ ಮತ್ತು ಕನ್ನಡದ ಓದು

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಕನ್ನಡದ ಅಚ್ಚಿನ ಪುಟ ಎಂದೂ ಸುಲಭವಾಗಿ ಕೈಗೆ ದೊರೆತದ್ದಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳ ಕನ್ನಡ ಸಂಘಗಳು ನಡೆಸಿದ ವಾಚನಾಲಯಗಳು ಬಹುಕಾಲ ಈ ಕೊರತೆಯನ್ನು ತುಂಬಿದವು. ಅಂಚೆಯಲ್ಲಿ ಬಂದ ಒಂದು ವಾರಪತ್ರಿಕೆ ನಾಲ್ಕಾರು ಮನೆಗಳಲ್ಲಿ ಕೈಬದಲಾಗಿ ಓದಿಸಿಕೊಳ್ಳುತ್ತಿತ್ತು. ಇಂದು ಆ ವಾಚನಾಲಯದ ಕೆಲಸದ ದೊಡ್ಡ ಪಾಲನ್ನು ಮನೆಯ ಗಣಕಯಂತ್ರವೇ ವಹಿಸಿಕೊಂಡಿದೆ. ಅದರೊಳಗೆ ಅಂತರ್ಜಾಲದ ಪುಟಗಳನ್ನು ತಂದು ತೋರಿಸುವ ತಂತ್ರಾಂಶವನ್ನು ಬ್ರೌಸರ್ ಎಂದು ಕರೆಯುತ್ತೇವೆ. ಜಾಲವೀಕ್ಷಕವೆಂಬ ಕನ್ನಡ ಹೆಸರೂ ಅದಕ್ಕುಂಟು. ಬಳಕೆಯಲ್ಲಿ ನಿಂತಿರುವುದು ಇಂಗ್ಲಿಷಿನ ಹೆಸರೇ ಆದ್ದರಿಂದ ಇಲ್ಲಿಯೂ ಅದನ್ನೇ ಉಳಿಸಿಕೊಂಡಿದೆ.

ಒಂದು ಬ್ರೌಸರನ್ನು ಬಿಟ್ಟು ಮತ್ತೊಂದಕ್ಕೆ ಹೋಗುವುದು ಇಂಗ್ಲಿಷ್ ಓದುಗನಿಗೆ ಬಹುಮಟ್ಟಿಗೆ ಅನುಕೂಲದ ಪ್ರಶ್ನೆ. ಕನ್ನಡದ ಓದುಗನಿಗೆ ಅದು ಲಿಪಿಯ ಪ್ರಶ್ನೆಯೂ ಆಗಿದೆ. ಒಂದು ಕಾಲದ ಕನ್ನಡ ಪುಟಗಳು ಒಂದೇ ಬ್ರೌಸರಿಗೆ ಕಟ್ಟುಬಿದ್ದಿದ್ದವು. ಆ ಬ್ರೌಸರ್ ತೆರೆಮರೆಗೆ ಸರಿದಾಗ ಅವು ಓದಲಾಗದಂತಾದವು. ಇದು ಹೇಗಾಯಿತು, ಇಂದು ಬ್ರೌಸರನ್ನು ಬದಲಿಸುವವರು ಯಾವುದನ್ನು ಜೋಪಾನ ಮಾಡಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬ್ರೌಸರುಗಳ ಏಳುಬೀಳು

ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು 1989ರಲ್ಲಿ ಮುಂದಿಟ್ಟವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್‌ ಲೀ. ಮರುವರ್ಷ ಮೊದಲ ಬ್ರೌಸರನ್ನು ರಚಿಸಿದವರೂ ಅವರೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಸಿದ್ಧವಾದ ಮೊಸಾಯಿಕ್, 1994ರಲ್ಲಿ ಬಂದ ನೆಟ್‌ಸ್ಕೇಪ್ ನ್ಯಾವಿಗೇಟರ್ ಇವು ಜಾಲವನ್ನು ಜನಸಾಮಾನ್ಯರ ಬಳಿಗೆ ತಂದವು. 1995ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಹೊರಬಂದಿತು. ಅದೇ ತಿಂಗಳ 15ರಂದು ವಿದೇಶ ಸಂಚಾರ ನಿಗಮವು ಮುಂಬಯಿ, ದಿಲ್ಲಿ, ಚೆನ್ನೈ ಮೊದಲಾದ ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ಆರಂಭಿಸಿತು. ಭಾರತದಲ್ಲಿ ಜಾಲದ ಬಾಗಿಲು ಮೊದಲು ತೆರೆದ ಊರುಗಳಲ್ಲಿ ಹೊರನಾಡ ಕನ್ನಡಿಗರ ನೆಲೆಗಳೂ ಇದ್ದವೆಂಬುದು ಗಮನಾರ್ಹ.

ವಿಂಡೋಸ್ ವ್ಯವಸ್ಥೆಯೊಡನೆಯೇ ದೊರೆಯುತ್ತಿದ್ದುದರಿಂದ ಎಕ್ಸ್‌ಪ್ಲೋರರ್ ಕೆಲವೇ ವರ್ಷಗಳಲ್ಲಿ ನೆಟ್‌ಸ್ಕೇಪನ್ನು ಹಿಂದಿಕ್ಕಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಹತ್ತು ಮಂದಿ ಬಳಕೆದಾರರಲ್ಲಿ ಒಂಬತ್ತು ಮಂದಿ ಅದನ್ನೇ ಬಳಸುತ್ತಿದ್ದರು. 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್, 2008ರ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆಯ ಕ್ರೋಮ್ ಬಂದ ಬಳಿಕ ಈ ಏಕಾಧಿಪತ್ಯ ಸಡಿಲಿತು. ಮೈಕ್ರೋಸಾಫ್ಟ್ ತಾನೇ 2015ರಲ್ಲಿ ಎಡ್ಜ್ ಎಂಬ ಹೊಸ ಬ್ರೌಸರನ್ನು ತಂದಿತು. 2022ರ ಜೂನ್ 15ರಂದು ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿತು. 2023ರ ಫೆಬ್ರವರಿಯಲ್ಲಿ ವಿಂಡೋಸ್ 10ರ ಹೆಚ್ಚಿನ ಗಣಕಗಳಲ್ಲಿ ಅದು ತೆರೆಯದಂತಾಯಿತು.

2. ಕನ್ನಡ ಏಕೆ ಕಟ್ಟುಬಿದ್ದಿತು

ಗಣಕಯಂತ್ರಕ್ಕೆ ಅಕ್ಷರ ತಿಳಿಯದು. ಸಂಖ್ಯೆ ಮಾತ್ರ ತಿಳಿದೀತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿದರೆ ಮಾತ್ರ ಅದು ಬರಹವನ್ನು ಉಳಿಸಿಕೊಳ್ಳಬಲ್ಲದು. ಈ ಗೊತ್ತುಪಡಿಸುವಿಕೆ ಸರ್ವಸಮ್ಮತವಾಗದ ಕಾಲದಲ್ಲಿ ಕನ್ನಡದ ಫಾಂಟುಗಳನ್ನು ರೂಪಿಸಿದವರು ಒಂದು ಉಪಾಯ ಹೂಡಿದರು. ರೋಮನ್ ಅಕ್ಷರಗಳಿಗೂ ಅವುಗಳ ಚಿಹ್ನೆಗಳಿಗೂ ಮೀಸಲಾಗಿದ್ದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ದೀರ್ಘ, ಒತ್ತು ಮುಂತಾದ ಚೂರುಗಳನ್ನು ಕೂರಿಸಿದರು. ಕಣ್ಣಿಗೆ ಕಾಣುವುದು ಕನ್ನಡ. ಗಣಕದ ಲೆಕ್ಕದಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಆ ಫಾಂಟು ಇಲ್ಲದ ಗಣಕದಲ್ಲಿ ಪುಟವನ್ನು ತೆರೆದರೆ ಒಳಗಿನ ರೋಮನ್ ಸಾಲೇ ಹೊರಗೆ ಕಾಣಿಸುತ್ತಿತ್ತು. ಒಂದು ಸಂಸ್ಥೆಯ ಫಾಂಟಿನಲ್ಲಿ ಇಟ್ಟ ಸ್ಥಾನ ಮತ್ತೊಂದರಲ್ಲಿ ಇರುತ್ತಿರಲಿಲ್ಲವಾದ್ದರಿಂದ ಕನ್ನಡದ ಬೇರೊಂದು ಫಾಂಟು ಇದ್ದರೂ ಪ್ರಯೋಜನವಾಗುತ್ತಿರಲಿಲ್ಲ.

ಓದುಗನ ಬಳಿ ಫಾಂಟು ಇಲ್ಲದಿದ್ದರೂ ಪುಟದೊಡನೆ ಅದನ್ನು ಕಳುಹಿಸುವ ಏರ್ಪಾಡು 1997ರ ಸುಮಾರಿಗೆ ಬಂದಿತು. ಇದನ್ನು ಡೈನಮಿಕ್ ಫಾಂಟ್ ಎಂದು ಕರೆದರು. ಆದರೆ ಎಕ್ಸ್‌ಪ್ಲೋರರಿನ ವಿಧಾನ ಒಂದು, ನೆಟ್‌ಸ್ಕೇಪಿನ ವಿಧಾನ ಮತ್ತೊಂದು. ಒಂದರದು ಇನ್ನೊಂದಕ್ಕೆ ಹೊಂದದು. ನೆಟ್‌ಸ್ಕೇಪ್ 2000ದ ತನ್ನ ಹೊಸ ಆವೃತ್ತಿಯಲ್ಲಿ ಈ ಸೌಲಭ್ಯವನ್ನೇ ಕೈಬಿಟ್ಟಿತು. ಉಳಿದದ್ದು ಎಕ್ಸ್‌ಪ್ಲೋರರಿನ ವಿಧಾನ. ಫೈರ್‌ಫಾಕ್ಸ್ ಆಗಲಿ ಕ್ರೋಮ್ ಆಗಲಿ ಅದನ್ನು ಎಂದೂ ಒಪ್ಪಿಕೊಳ್ಳಲಿಲ್ಲ. ಹೀಗಾಗಿ ಆ ವಿಧಾನವನ್ನು ನೆಚ್ಚಿದ ಕನ್ನಡ ತಾಣಗಳನ್ನು ಓದಬಯಸುವವರು, ಎಷ್ಟೇ ಉತ್ತಮವಾದ ಬೇರೆ ಬ್ರೌಸರ್ ಕಣ್ಣಮುಂದಿದ್ದರೂ, ಎಕ್ಸ್‌ಪ್ಲೋರರಿಗೇ ಅಂಟಿಕೊಳ್ಳಬೇಕಾಯಿತು.

ಈ ಇಕ್ಕಟ್ಟಿನ ನಡುವೆಯೂ ಕನ್ನಡವನ್ನು ಗಣಕಕ್ಕೆ ಒಗ್ಗಿಸಿದವರಲ್ಲಿ ಹೊರನಾಡಿನಲ್ಲಿ ದುಡಿದವರ ಪಾಲು ದೊಡ್ಡದು. ಇಂದು ನಾವು ಬಳಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 1996ರಲ್ಲಿ 'ವಿಶ್ವಕನ್ನಡ' ಅಂತರ್ಜಾಲ ಪತ್ರಿಕೆಯನ್ನು ಆರಂಭಿಸಿದ ಯು.ಬಿ. ಪವನಜ ಅವರು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು.

3. ಯುನಿಕೋಡ್ ತಂದ ಬಿಡುಗಡೆ

ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆಗಳನ್ನು ಗೊತ್ತುಮಾಡುವ ಯುನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಅದರಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಲಯ ದೊರೆತಿತ್ತು. ಆದರೆ ಸ್ಥಾನ ದೊರೆತ ಮಾತ್ರಕ್ಕೆ ಓದು ಸಾಧ್ಯವಾಗದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಯುನಿಕೋಡ್ ಫಾಂಟು ಸೇರಿದ ಮೇಲೆ ಮನೆಯ ಗಣಕಗಳಲ್ಲಿ ಕನ್ನಡ ಬೇರೂರತೊಡಗಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಈ ಶಿಷ್ಟತೆಯ ಮೇಲೆಯೇ ನಿಂತಿದೆ.

ಯುನಿಕೋಡಿನಲ್ಲಿ ಬರಹವನ್ನು ಉಚ್ಚಾರಣೆಯ ಕ್ರಮದಲ್ಲಿ ಕೂಡಿಡಲಾಗುತ್ತದೆ. ಬರೆಹದ ರೂಪವನ್ನು ಓದುವ ಹೊತ್ತಿಗೆ ಕಟ್ಟಲಾಗುತ್ತದೆ. 'ಅರ್ಥ' ಎಂಬ ಪದವನ್ನೇ ತೆಗೆದುಕೊಳ್ಳೋಣ. ನುಡಿಯುವಾಗ ರಕಾರ ಮೊದಲು, ಥಕಾರ ಅನಂತರ. ಬರೆಯುವಾಗ ಥಕಾರ ಮೊದಲು ಬಂದು ರಕಾರವು ಅರ್ಕಾವೊತ್ತಾಗಿ ಅದರ ಬಲಕ್ಕೆ ನಿಲ್ಲುತ್ತದೆ. ಕಡತದಲ್ಲಿ ಇರುವುದು ನುಡಿಯ ಕ್ರಮ. ಅದನ್ನು ಬರೆಹದ ಕ್ರಮಕ್ಕೆ ತಿರುಗಿಸಿ, ಕಕಾರ ಷಕಾರಗಳನ್ನು 'ಕ್ಷ' ಎಂದು ಬೆಸೆದು, 'ರಾಷ್ಟ್ರ'ದಂತಹ ಪದದಲ್ಲಿ ಎರಡು ಒತ್ತುಗಳನ್ನು ಅಚ್ಚುಕಟ್ಟಾಗಿ ಜೋಡಿಸುವ ಹೊಣೆ ಬ್ರೌಸರಿನದು. ಅಕ್ಷರ ಜೋಡಿಸುವ ಈ ಕೆಲಸಕ್ಕೆ ಇಂದು ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತವೆ. ಆದ್ದರಿಂದ ಯುನಿಕೋಡಿನಲ್ಲಿರುವ ಕನ್ನಡ ಪುಟ ಇವುಗಳಲ್ಲಿ ಯಾವುದರಲ್ಲಿ ತೆರೆದರೂ ಬಹುಮಟ್ಟಿಗೆ ಒಂದೇ ರೀತಿ ಕಾಣುತ್ತದೆ. ಬ್ರೌಸರನ್ನು ಬದಲಿಸುವ ಸ್ವಾತಂತ್ರ್ಯ ಕನ್ನಡದ ಓದುಗನಿಗೆ ದೊರೆತದ್ದು ಹೀಗೆ.

4. ಬದಲಿಸುವ ಬಗೆ

ಹೊಸ ಬ್ರೌಸರನ್ನು ಅದನ್ನು ತಯಾರಿಸಿದ ಸಂಸ್ಥೆಯ ಸ್ವಂತ ತಾಣದಿಂದಲೇ ಪಡೆಯಬೇಕು. ಒಂದೇ ಗಣಕದಲ್ಲಿ ಎರಡು ಬ್ರೌಸರುಗಳು ಪರಸ್ಪರ ತೊಡಕಾಗದೆ ಇರಬಲ್ಲವು. ಹಳೆಯದನ್ನು ಕೂಡಲೇ ತೆಗೆದುಹಾಕುವ ಅಗತ್ಯವಿಲ್ಲ. ಹೆಸರು ಬೇರೆಯಾದ ಮಾತ್ರಕ್ಕೆ ಒಳಗೂ ಬೇರೆಯೆಂದು ತಿಳಿಯಬಾರದು. ಕ್ರೋಮ್, 2020ರ ಅನಂತರದ ಎಡ್ಜ್, ಒಪೆರಾ, ಬ್ರೇವ್ ಇವೆಲ್ಲ ಕ್ರೋಮಿಯಂ ಎಂಬ ಒಂದೇ ಬುನಾದಿಯ ಮೇಲೆ ಕಟ್ಟಿದವು. ಫೈರ್‌ಫಾಕ್ಸಿನ ಬುನಾದಿ ಪ್ರತ್ಯೇಕ. ಆಪಲ್ ಗಣಕಗಳ ಸಫಾರಿಯದೂ ಬೇರೆ.

ಓದುಗನು ಗುರುತುಮಾಡಿಟ್ಟ ತಾಣಗಳ ಪಟ್ಟಿಯೇ ಅವನ ನಿಜವಾದ ಆಸ್ತಿ. ಬುಕ್‌ಮಾರ್ಕ್ ಎನಿಸಿಕೊಂಡ ಈ ಪಟ್ಟಿಯನ್ನು ಹೊಸ ಬ್ರೌಸರ್ ಹಳೆಯದರಿಂದ ನೇರವಾಗಿ ಆಮದು ಮಾಡಿಕೊಳ್ಳಬಲ್ಲದು. ಅದರ ಜೊತೆಗೆ ಪಟ್ಟಿಯನ್ನು ಪ್ರತ್ಯೇಕ ಕಡತವಾಗಿ ಉಳಿಸಿಟ್ಟುಕೊಳ್ಳುವುದು ವಿವೇಕ. ಗುಪ್ತಪದಗಳನ್ನೂ ಹೀಗೆ ಸಾಗಿಸಬಹುದು. ಆದರೆ ಅವನ್ನು ಕಡತವಾಗಿ ಹೊರತೆಗೆದರೆ ಯಾರು ಬೇಕಾದರೂ ಓದಬಹುದಾದ ಸಾದಾ ಬರಹವಾಗಿರುತ್ತವೆ. ಕೆಲಸ ಮುಗಿದೊಡನೆ ಆ ಕಡತವನ್ನು ಅಳಿಸಬೇಕು. ಹೊಸದು ಒಗ್ಗಿದ ಮೇಲೆ ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸಹಜ ಆಯ್ಕೆಯಾಗಿ ಗೊತ್ತುಮಾಡಿದರೆ ಪತ್ರಗಳಲ್ಲಿ ಬರುವ ಕೊಂಡಿಗಳೆಲ್ಲ ಅದರಲ್ಲಿಯೇ ತೆರೆಯುತ್ತವೆ.

ಇಲ್ಲಿಗೆ ಸಾಮಾನ್ಯ ಬಳಕೆದಾರನ ಕೆಲಸ ಮುಗಿಯಿತು. ಕನ್ನಡದ ಓದುಗನು ಇನ್ನು ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕು.

ಮೊದಲನೆಯದು ಭಾಷೆಯ ಆಯ್ಕೆ. ತನ್ನ ಓದುಗನಿಗೆ ಯಾವ ಭಾಷೆ ಇಷ್ಟವೆಂಬುದನ್ನು ಬ್ರೌಸರ್ ಪ್ರತಿ ತಾಣಕ್ಕೂ ತಿಳಿಸುತ್ತದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಮೊದಲಿಗಿಟ್ಟರೆ, ಕನ್ನಡದ ಆವೃತ್ತಿಯುಳ್ಳ ಎಷ್ಟೋ ತಾಣಗಳು ಕನ್ನಡದಲ್ಲಿಯೇ ತೆರೆದುಕೊಳ್ಳುತ್ತವೆ. ಕ್ರೋಮ್, ಫೈರ್‌ಫಾಕ್ಸ್‌ಗಳ ಆದೇಶಗಳನ್ನೂ ಕನ್ನಡದಲ್ಲಿ ಪಡೆಯಬಹುದು. ಕನ್ನಡ ಪುಟ ತೆರೆದಾಗಲೆಲ್ಲ ಇಂಗ್ಲಿಷಿಗೆ ಅನುವಾದಿಸಲೇ ಎಂದು ಬ್ರೌಸರ್ ಕೇಳುತ್ತಿದ್ದರೆ, ಕನ್ನಡಕ್ಕೆ ಅನುವಾದ ಬೇಡವೆಂದು ಒಮ್ಮೆ ಸೂಚಿಸಿದರೆ ಸಾಕು. ಮನೆಯ ಹೊರಗೆಲ್ಲ ಮರಾಠಿ, ತಮಿಳು, ತೆಲುಗು, ಹಿಂದಿಗಳನ್ನೇ ಕಾಣುವ ಹೊರನಾಡ ಮಕ್ಕಳಿಗೆ ಗಣಕದ ತೆರೆಯ ಮೇಲಿನ ಈ ಕನ್ನಡ ದಿನನಿತ್ಯದ ಲಿಪಿಪಾಠವಾಗುತ್ತದೆ.

ಎರಡನೆಯದು ಫಾಂಟು. ವಿಂಡೋಸ್ 8ರಿಂದ ಈಚೆಗೆ 'ನಿರ್ಮಲಾ' ಎಂಬ ಫಾಂಟು ಕನ್ನಡವನ್ನು ತೋರಿಸುತ್ತದೆ. ಹಳೆಯ 'ತುಂಗಾ' ಬೇಕಾದವರು ವಿಂಡೋಸ್ 10ರಿಂದ ಈಚೆಗೆ ಅದನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಗೂಗಲ್ ಉಚಿತವಾಗಿ ಒದಗಿಸಿರುವ 'ನೋಟೋ' ಕನ್ನಡ ಫಾಂಟುಗಳನ್ನೂ ಅಳವಡಿಸಬಹುದು. ಒತ್ತಕ್ಷರಗಳಿಂದಾಗಿ ಕನ್ನಡದ ಸಾಲಿಗೆ ರೋಮನ್ ಸಾಲಿಗಿಂತ ಹೆಚ್ಚು ಎತ್ತರ ಬೇಕು. ವಯಸ್ಸಾದ ಓದುಗರು ಅಕ್ಷರದ ಕನಿಷ್ಠ ಗಾತ್ರವನ್ನು ಹೆಚ್ಚಿಸಿಕೊಳ್ಳುವುದು ಲೇಸು.

ಮೂರನೆಯದು ಪರೀಕ್ಷೆ. ಶಾಸ್ತ್ರ, ರಾಷ್ಟ್ರ, ಜ್ಞಾನ, ಅರ್ಥ, ರಾಜ್‌ಕುಮಾರ್, ಪೞಗನ್ನಡ, ಅಱಿವು ಎಂಬ ಏಳು ಪದಗಳುಳ್ಳ ಒಂದು ಕಡತವನ್ನು ಹೊಸ ಬ್ರೌಸರಿನಲ್ಲಿ ತೆರೆದು ನೋಡಬೇಕು. ಒತ್ತುಗಳು ಸರಿಯಾಗಿ ಕೂತಿವೆಯೇ, 'ರಾಜ್‌ಕುಮಾರ್' ಪದದಲ್ಲಿ ಜಕಾರದ ಅಡಿಗೆ ಕಕಾರ ಒತ್ತಾಗಿ ಇಳಿಯದೆ ನಿಂತಿದೆಯೇ, ಹಳಗನ್ನಡದ ಎರಡು ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತಿವೆಯೇ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಈ ಅಕ್ಷರಗಳ ಚರಿತ್ರೆಯೂ ಕುತೂಹಲಕರ. ಯುನಿಕೋಡ್ ಪಟ್ಟಿಯಲ್ಲಿ ೞಕಾರದ ಸ್ಥಾನಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದುಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ದಾಖಲಿಸಲಾಗಿದೆ. ಹಸ್ತಪ್ರತಿಗಳಲ್ಲಿ ಕಾಣುವ ನಕಾರಪೊಲ್ಲು ಯುನಿಕೋಡನ್ನು ಸೇರಿದ್ದು 2021ರಲ್ಲಿ. ಹಳೆಯ ಫಾಂಟುಗಳಲ್ಲಿ ಅದು ಇಲ್ಲ.

5. ಹಿಂದೆ ಉಳಿದ ಪುಟಗಳು

ಹೊಸ ಬ್ರೌಸರಿಗೆ ಬಂದವರ ಬುಕ್‌ಮಾರ್ಕುಗಳಲ್ಲಿ ಹಳೆಯ ಫಾಂಟಿನ ಕೆಲವು ಪುಟಗಳು ಇದ್ದೇ ಇರುತ್ತವೆ. ಅವಕ್ಕೆ ಮೂರು ದಾರಿಗಳುಂಟು. ಎಡ್ಜ್‌ನಲ್ಲಿ ಎಕ್ಸ್‌ಪ್ಲೋರರಿನ ಹಳೆಯ ವ್ಯವಸ್ಥೆಯಲ್ಲಿಯೇ ಪುಟವನ್ನು ತೆರೆಯುವ ಸೌಲಭ್ಯವಿದೆ. ಕನಿಷ್ಠ 2029ರವರೆಗೆ ಅದು ಇರುವುದೆಂದು ಮೈಕ್ರೋಸಾಫ್ಟ್ ಹೇಳಿದೆ. ಪುಟವು ಬಳಸಿರುವ ಫಾಂಟು ದೊರೆತರೆ ಅದನ್ನು ಗಣಕದಲ್ಲಿ ಅಳವಡಿಸಿ ಓದಲು ಪ್ರಯತ್ನಿಸಬಹುದು. ಇವೆರಡೂ ತಾತ್ಕಾಲಿಕ. ಬರಹವನ್ನು ಯುನಿಕೋಡಿಗೆ ಪರಿವರ್ತಿಸುವ ಮೂರನೆಯ ದಾರಿಯೊಂದೇ ಶಾಶ್ವತ.

ಪರಿವರ್ತಿಸುವ ತಂತ್ರಾಂಶಗಳು ಹಲವಿದ್ದರೂ ಅವುಗಳ ಫಲಿತವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಾಣುವ ಕ್ರಮದಲ್ಲಿ, ಎಂದರೆ ವ್ಯಂಜನದ ಅನಂತರ, ಕೂತಿರುತ್ತದೆ. ಪರಿವರ್ತನೆಯಲ್ಲಿ ಅದನ್ನು ಹಿಂದಕ್ಕೆ ಸರಿಸಬೇಕು. ಸರಿಸುವಾಗ ಒತ್ತಕ್ಷರ ಅಡ್ಡಬಂದರೆ ಪದ ಕೆಡುತ್ತದೆ. ಓಲೆಗರಿಯ ಪ್ರತಿಕಾರರ ಕೈಯಲ್ಲಿ ಆದ ಸ್ಖಾಲಿತ್ಯಗಳನ್ನು ಗ್ರಂಥಸಂಪಾದಕರು ಹೇಗೆ ಒಂದೊಂದಾಗಿ ಪರಿಶೀಲಿಸಿದರೋ, ಈ ಹೊಸ ಪ್ರತಿಗಳನ್ನೂ ಮೂಲದೊಡನೆ ಹಾಗೆಯೇ ಹೋಲಿಸಿ ತಿದ್ದಬೇಕಾಗುತ್ತದೆ. ಈ ಶ್ರಮಕ್ಕೆ ತಕ್ಕ ಫಲವೂ ಇದೆ. ಹಳೆಯ ಫಾಂಟಿನ ಬರಹದಲ್ಲಿ ಒಂದು ಕನ್ನಡ ಪದವನ್ನು ಹುಡುಕಿಕೊಡಲು ಯಾವ ಬ್ರೌಸರಿಗೂ ಆಗದು, ಏಕೆಂದರೆ ಅಲ್ಲಿ ಕನ್ನಡವೇ ಇಲ್ಲ. ಯುನಿಕೋಡಿಗೆ ಬಂದ ಬರಹದಲ್ಲಿ ಒಂದು ಊರಿನ ಹೆಸರನ್ನೋ ಒಬ್ಬ ಲೇಖಕರ ಹೆಸರನ್ನೋ ಕ್ಷಣದಲ್ಲಿ ಕಂಡುಕೊಳ್ಳಬಹುದು.

ಹೊರನಾಡ ಕನ್ನಡದ ಚರಿತ್ರೆ ದೊಡ್ಡ ಗ್ರಂಥಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಸ್ಮರಣಸಂಚಿಕೆಗಳಲ್ಲಿ, ಸಂಘಗಳ ವಾರ್ಷಿಕ ವರದಿಗಳಲ್ಲಿ, ನಾಟಕೋತ್ಸವದ ಕರಪತ್ರಗಳಲ್ಲಿ ಇದೆ. ಕೆಲವೇ ನೂರು ಪ್ರತಿಗಳಲ್ಲಿ ಅಚ್ಚಾದ ಇವುಗಳ ಗಣಕಪ್ರತಿಗಳು ಎಲ್ಲಿ ಉಳಿದಿವೆಯೋ ಅಲ್ಲಿ ಬಹುತೇಕ ಹಳೆಯ ಫಾಂಟುಗಳಲ್ಲಿಯೇ ಇವೆ. ಅವನ್ನು ಜೋಡಿಸಿದವರು, ಆ ಫಾಂಟುಗಳ ಹೆಸರು ಬಲ್ಲವರು ನಮ್ಮ ನಡುವೆ ಇರುವಾಗಲೇ ಈ ಪರಿವರ್ತನೆ ನಡೆಯಬೇಕು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಸಂಘಗಳೊಡನೆ ಕೂಡಿ, ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ಒಂದೊಂದು ಸಂಚಿಕೆಯನ್ನು ವಹಿಸಿಕೊಟ್ಟರೆ ಕೆಲಸ ಕೈಗೂಡದಿರಲಾರದು. ಮನೆಗಳಲ್ಲಿ ಬ್ರೌಸರನ್ನು ಬದಲಿಸುವವರು ತಮ್ಮಲ್ಲಿರುವ ಹಳೆಯ ಕಡತಗಳನ್ನು ಅಳಿಸುವ ಮೊದಲು ಒಮ್ಮೆ ತೆರೆದು ನೋಡಿ, ಓದಲಾಗದ ರೋಮನ್ ಸಾಲುಗಳು ಕಂಡರೆ ಅವನ್ನು ಸಮೀಪದ ಕನ್ನಡ ವಿಭಾಗಕ್ಕೆ ತಲುಪಿಸುವುದು ಉಚಿತ.